ನೀಲಿಯ ರಹಸ್ಯವನ್ನು ಅರಿತ ಬೇಯರ್

1848ನೆಯ ಇಸವಿಯ ಅಕ್ಟೋಬರ್ 31ರಂದು ಬರ್ಲಿನ್ ನಗರದ ಬಾಲಕನೊಬ್ಬನಿಗೆ ಹದಿಮೂರು ವರ್ಷ ತುಂಬಿತು. ಹುಟ್ಟುಹಬ್ಬದ ದಿನ ಅವನು ಎರಡು ಥಾಲರ್ ಬೆಲೆಯ ವಸ್ತುವೊಂದನ್ನು ಕೊಂಡುತಂದನು. ಅದು ಮಿಠಾಯಿಯೂ ಅಲ್ಲ, ಆಟದ ಸಾಮಾನೂ ಅಲ್ಲ. ಬಟ್ಟೆಗೆ ಬಣ್ಣಕಟ್ಟುವವರು ಬಳಸುವ ನೀಲಿಯ ಗಟ್ಟಿ. ರಸಾಯನಶಾಸ್ತ್ರದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಅವನು ಆ ನೀಲಿಯನ್ನು ಒಡೆದು, ಅದರಿಂದ ಐಸಾಟಿನ್ ಎಂಬ ಕಿತ್ತಳೆಗೆಂಪು ಬಣ್ಣದ ಪದಾರ್ಥವನ್ನು ತಯಾರಿಸಿದನು. ನೀಲಿಯಿಂದ ಐಸಾಟಿನ್ ಬಂದುದಾದರೆ ಐಸಾಟಿನ್‌ನಿಂದ ಮರಳಿ ನೀಲಿಗೆ ಹೋಗುವ ದಾರಿಯೂ ಇರಬೇಕಲ್ಲವೆ? ಆ ದಾರಿಯನ್ನು ಕಾಣಲು ಅವನಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ಆ ಬಾಲಕನೇ ಮುಂದೆ ಲೋಕಪ್ರಸಿದ್ಧನಾದ ರಸಾಯನವಿಜ್ಞಾನಿ ಆಡಾಲ್ಫ್ ಫಾನ್ ಬೇಯರ್.

ಅಂದಿನ ಯೂರೋಪಿನಲ್ಲಿ ನೀಲಿ ಎಂದರೆ ಬಹುಮಟ್ಟಿಗೆ ಭಾರತದ ಸರಕು. ಇಂಡಿಗೊ ಎಂಬ ಹೆಸರಿನಲ್ಲಿಯೇ ಭಾರತದ ಹೆಸರು ಅಡಗಿದೆ. ಬಂಗಾಳ ಮತ್ತು ಬಿಹಾರದ ಹೊಲಗಳಲ್ಲಿ ಬೆಳೆದ ನೀಲಿಗಿಡಗಳನ್ನು ಕೊಯ್ದು ದೊಡ್ಡ ತೊಟ್ಟಿಗಳಲ್ಲಿ ನೆನೆಹಾಕಿ ಹುಳಿಬರಿಸುತ್ತಿದ್ದರು. ಹಾಗೆ ಇಳಿದ ರಸವನ್ನು ಇನ್ನೊಂದು ತೊಟ್ಟಿಗೆ ಹರಿಸಿ, ಕೂಲಿಯಾಳುಗಳು ಸೊಂಟದವರೆಗೆ ಅದರಲ್ಲಿ ನಿಂತು ಹುಟ್ಟುಗಳಿಂದ ಬಡಿಯುತ್ತಿದ್ದರು. ಗಾಳಿಯ ಆಮ್ಲಜನಕ ಸೋಕಿದಂತೆ ರಸ ನೀಲಿಗೆ ತಿರುಗಿ, ಬಣ್ಣ ತಳದಲ್ಲಿ ಕೆಸರಿನಂತೆ ನಿಲ್ಲುತ್ತಿತ್ತು. ಅದನ್ನು ಕಾಯಿಸಿ, ಹಿಂಡಿ, ಇಟ್ಟಿಗೆಗಳಂತೆ ಕತ್ತರಿಸಿ ಒಣಗಿಸಿ ಹಡಗಿಗೆ ಏರಿಸುತ್ತಿದ್ದರು. ಈ ಬೆಳೆಯನ್ನು ರೈತರು ತಾವಾಗಿ ಬಯಸಿ ಬೆಳೆಯುತ್ತಿರಲಿಲ್ಲ. ಯೂರೋಪಿಯನ್ ತೋಟಗಾರರು ಮುಂಗಡ ಹಣದ ಸಾಲದಲ್ಲಿ ಅವರನ್ನು ಕಟ್ಟಿಹಾಕಿ, ಭತ್ತ ಬೆಳೆಯಬೇಕಾದ ನೆಲದಲ್ಲಿ ನೀಲಿ ಬೆಳೆಸುತ್ತಿದ್ದರು. 1859ರಲ್ಲಿ ಬಂಗಾಳದ ರೈತರು ನೀಲಿ ಬಿತ್ತುವುದಿಲ್ಲವೆಂದು ತಿರುಗಿಬಿದ್ದರು. ಮರುವರ್ಷ ದೀನಬಂಧು ಮಿತ್ರರು ಬರೆದ ನೀಲದರ್ಪಣ ಎಂಬ ನಾಟಕ ಅವರ ಬವಣೆಯನ್ನು ಲೋಕದ ಮುಂದಿಟ್ಟಿತು. ಬರ್ಲಿನ್ನಿನ ಬಾಲಕನಿಗೆ ಇದಾವುದೂ ತಿಳಿದಿರಲಿಲ್ಲ. ಅವನ ಮುಂದಿದ್ದುದು ತಾಮ್ರದ ಹೊಳಪನ್ನು ಒಳಗೊಂಡ ಕಡುನೀಲಿಯ ಒಂದು ಗಟ್ಟಿ ಮಾತ್ರ.

ಬೇಯರ್ ಹುಟ್ಟಿದ್ದು 1835ರಲ್ಲಿ. ತಂದೆ ಯೋಹಾನ್ ಯಾಕೋಬ್ ಬೇಯರ್ ಪ್ರಷ್ಯದ ಸೈನ್ಯದ ಅಧಿಕಾರಿ. ಭೂಮಿಯ ಅಳತೆಯ ಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದವನು. ತಾಯಿಯ ತಂದೆ ಹಿಟ್ಸಿಗ್‌ನ ಮನೆ ಬರ್ಲಿನ್ನಿನ ಸಾಹಿತಿಗಳು ಸೇರುವ ತಾಣವಾಗಿತ್ತು. ಅಳತೆ ಮತ್ತು ವಿದ್ಯೆ ಎರಡೂ ಹೀಗೆ ಮಗುವಿನ ಸುತ್ತ ಇದ್ದವು. ಇನ್ನೂ ಹತ್ತು ತುಂಬದ ವಯಸ್ಸಿನಲ್ಲಿ ಅವನು ಖರ್ಜೂರದ ಬೀಜಗಳನ್ನು ನೆಟ್ಟು, ಒಂದಕ್ಕೆ ಹಾಲು, ಇನ್ನೊಂದಕ್ಕೆ ದ್ರಾಕ್ಷಾರಸ, ಮತ್ತೊಂದಕ್ಕೆ ಶಾಯಿ ಎರೆದು ಯಾವುದು ಹೇಗೆ ಬೆಳೆಯುವುದೆಂದು ನೋಡಿದನಂತೆ. ಹನ್ನೆರಡನೆಯ ವಯಸ್ಸಿನಲ್ಲಿ ತಾಮ್ರ ಮತ್ತು ಸೋಡಿಯಂ ಕೂಡಿದ ಕಾರ್ಬೊನೇಟ್ ಲವಣವೊಂದನ್ನು ಹರಳಿನ ರೂಪದಲ್ಲಿ ಪಡೆದನು. ಅದು ಅದುವರೆಗೆ ಯಾರೂ ಕಾಣದಿದ್ದ ಹೊಸ ಲವಣವಾಗಿತ್ತು.

ಬರ್ಲಿನ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಅವನು ಮೊದಲು ಗಣಿತ ಮತ್ತು ಭೌತಶಾಸ್ತ್ರಗಳನ್ನು ಓದಿದನು. ನಡುವೆ ಒಂದು ವರ್ಷ ಸೈನ್ಯದ ಸೇವೆ. ಅದು ಮುಗಿದ ಮೇಲೆ, 1856ರಲ್ಲಿ, ಹಳೆಯ ಒಲವಿಗೆ ಮರಳಿ ಹೈಡಲ್‌ಬರ್ಗ್‌ಗೆ ಹೋಗಿ ರಾಬರ್ಟ್ ಬುನ್ಸೆನ್ನನ ಶಿಷ್ಯನಾದನು. ಪ್ರಯೋಗಶಾಲೆಗಳಲ್ಲಿ ಉರಿಯುವ ಬುನ್ಸೆನ್ ದೀಪ ಈತನ ಹೆಸರಿನದೇ. ಬುನ್ಸೆನ್ನನಿಗೆ ಇಂಗಾಲದ ಸಂಯುಕ್ತಗಳಲ್ಲಿ ಆಗ ಆಸಕ್ತಿ ಉಳಿದಿರಲಿಲ್ಲ. ಅದೇ ಊರಿನಲ್ಲಿ ಕೆಕುಲೆ ಎಂಬ ತರುಣ ಅಧ್ಯಾಪಕನು ಸ್ವಂತ ಪುಟ್ಟ ಪ್ರಯೋಗಶಾಲೆಯನ್ನು ನಡೆಸುತ್ತಿದ್ದನು. ಬೇಯರ್ ಅವನನ್ನು ಸೇರಿಕೊಂಡನು. ಅವನು ಬೆಲ್ಜಿಯಂ ದೇಶದ ಗೆಂಟ್‌ಗೆ ಹೋದಾಗ ಅಲ್ಲಿಗೂ ಹಿಂಬಾಲಿಸಿದನು. ಇಂಗಾಲದ ಪರಮಾಣುಗಳು ಒಂದರ ಕೈ ಒಂದು ಹಿಡಿದು ಸರಪಳಿಗಳಾಗುತ್ತವೆಂಬ ವಿಚಾರ ಕೆಕುಲೆಯ ಮನಸ್ಸಿನಲ್ಲಿ ರೂಪುಗೊಳ್ಳುತ್ತಿದ್ದ ಕಾಲವದು. 1858ರಲ್ಲಿ ಬೇಯರನಿಗೆ ಬರ್ಲಿನ್ನಿನಿಂದ ಡಾಕ್ಟರೇಟ್ ಪದವಿ ದೊರೆಯಿತು. 1860ರಲ್ಲಿ ಅದೇ ನಗರದ ಕೈಗಾರಿಕಾ ಶಾಲೆಯಲ್ಲಿ ಉಪಾಧ್ಯಾಯನಾದನು. ಸಂಬಳ ಅತ್ಯಲ್ಪ, ಪ್ರಯೋಗಶಾಲೆ ಮಾತ್ರ ವಿಶಾಲವಾಗಿತ್ತು. ಹನ್ನೆರಡು ವರ್ಷ ಅವನು ಅಲ್ಲಿಯೇ ದುಡಿದನು. ಬಾರ್ಬಿಟ್ಯೂರಿಕ್ ಆಮ್ಲವನ್ನು ಕಂಡುಹಿಡಿದದ್ದು ಅಲ್ಲಿ. 1865ರಲ್ಲಿ ನೀಲಿಯ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡದ್ದೂ ಅಲ್ಲಿಯೇ.

ಒಂದು ಬಣ್ಣದ ಅಣುವಿನಲ್ಲಿ ಯಾವ ಪರಮಾಣು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಒಡೆದು ನೋಡಬೇಕು, ಆದರೆ ಅಸ್ಥಿಪಂಜರ ಉಳಿಯುವಂತೆ ಒಡೆಯಬೇಕು. ನೀಲಿಯಿಂದ ಪಡೆದ ಪದಾರ್ಥವನ್ನು ಬೇಯರ್ ಸತುವಿನ ಪುಡಿಯೊಡನೆ ಬೆರೆಸಿ ಕಾಯಿಸಿದನು. ಸತು ಆಮ್ಲಜನಕವನ್ನು ಕಿತ್ತುಕೊಂಡಿತು. ಉಳಿದದ್ದು ಇಂಡೋಲ್ ಎಂಬ ಮೂಲ ಸಂಯುಕ್ತ. ಇದು 1866ರ ಮಾತು. ಈ ಸರಳ ಉಪಾಯದ ಮೊದಲ ದೊಡ್ಡ ಫಲ ದೊರೆತದ್ದು ಮಾತ್ರ ಅವನ ಶಿಷ್ಯರಿಗೆ. ಗ್ರೇಬೆ ಮತ್ತು ಲೀಬರ್‌ಮನ್ ಎಂಬಿಬ್ಬರು ಮಂಜಿಷ್ಠದ ಬೇರಿನ ಕೆಂಪು ಬಣ್ಣವನ್ನು ಅದೇ ರೀತಿ ಸತುವಿನೊಡನೆ ಕಾಯಿಸಿ ಅದರ ಮೂಲವನ್ನು ಗುರುತಿಸಿದರು. 1869ರ ಹೊತ್ತಿಗೆ ಆ ಬಣ್ಣವನ್ನು ಡಾಂಬರಿನಿಂದಲೇ ತಯಾರಿಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಯೂರೋಪಿನ ಮಂಜಿಷ್ಠದ ಹೊಲಗಳು ಪಾಳುಬಿದ್ದವು. ನೀಲಿಗೆ ಮುಂದೆ ಒದಗಲಿದ್ದ ಗತಿಯನ್ನು ಅಂದೇ ಊಹಿಸಬಹುದಾಗಿತ್ತು.

ಬೇಯರನ ಹೆಸರು ತಿಳಿಯದ ವಿದ್ಯಾರ್ಥಿಯೂ ಅವನ ಒಂದು ಶೋಧವನ್ನು ಬಲ್ಲನು. 1871ರಲ್ಲಿ ಅವನು ಥ್ಯಾಲಿಕ್ ಅನ್‌ಹೈಡ್ರೈಡ್ ಮತ್ತು ಫೀನಾಲ್‌ಗಳನ್ನು ಸಾರಯುಕ್ತ ಗಂಧಕಾಮ್ಲದೊಡನೆ ಕಾಯಿಸಿದನು. ಅದರಿಂದ ದೊರೆತ ಬಿಳಿಯ ಪುಡಿಯೇ ಫಿನಾಲ್ಫ್‌ಥಲೀನ್. ಆಮ್ಲದಲ್ಲಿ ಅದಕ್ಕೆ ಬಣ್ಣವಿಲ್ಲ. ಕ್ಷಾರದ ಸೋಂಕು ತಗಲಿದೊಡನೆ ಗುಲಾಬಿಯಾಗುತ್ತದೆ. ಬಟ್ಟೆಗೆ ಬಣ್ಣ ಕಟ್ಟಲು ಅದು ಕೆಲಸಕ್ಕೆ ಬಾರದು. ಆದರೆ ಕೆಲವು ವರ್ಷಗಳಲ್ಲಿಯೇ ಅದು ದ್ರಾವಣಗಳ ಸಾರತೆಯನ್ನು, ಎಂದರೆ ಇಷ್ಟು ದ್ರಾವಣದಲ್ಲಿ ಎಷ್ಟು ವಸ್ತು ಕರಗಿದೆ ಎಂಬುದನ್ನು, ಅಳೆಯುವ ಕೆಲಸದಲ್ಲಿ ಸೂಚಕವಾಗಿ ನೆಲೆನಿಂತಿತು.

ಆ ಅಳತೆಯ ಕ್ರಮವನ್ನು ಇಲ್ಲಿ ನೆನೆಯಬಹುದು. 40 ಗ್ರಾಂ ಕಾಸ್ಟಿಕ್ ಸೋಡವನ್ನು ನೀರಿನಲ್ಲಿ ಕರಗಿಸಿ ಒಟ್ಟು ದ್ರಾವಣವನ್ನು 1 ಲೀಟರ್ ಮಾಡಿದರೆ ಅದು 1 ಮೋಲಾರ್ ದ್ರಾವಣ. 4 ಗ್ರಾಂ ಕರಗಿಸಿದರೆ 0.1 ಮೋಲಾರ್. ಈಗ ಸಾರತೆ ತಿಳಿಯದ ಹೈಡ್ರೊಕ್ಲೋರಿಕ್ ಆಮ್ಲವನ್ನು 20 ಮಿಲಿಲೀಟರ್ ಅಳೆದು ಪಾತ್ರೆಗೆ ಹಾಕಿ, ಫಿನಾಲ್ಫ್‌ಥಲೀನ್ ದ್ರಾವಣದ ಎರಡು ಹನಿ ಬೆರೆಸಬೇಕು. ಬ್ಯುರೆಟ್ಟಿನಿಂದ 0.1 ಮೋಲಾರ್ ಸೋಡ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಗುಲಾಬಿ ಮೂಡಿ, ಕುಲುಕಿದಾಗ ಮಾಯವಾಗುತ್ತದೆ. ಕಡೆಗೆ ಒಂದು ಹನಿ ಬಿದ್ದಾಗ ಬಣ್ಣ ಅಳಿಯದೆ ನಿಲ್ಲುತ್ತದೆ. ಆಮ್ಲ ಅಲ್ಲಿಗೆ ತೀರಿತು. ಅದುವರೆಗೆ 16 ಮಿಲಿಲೀಟರ್ ಸೋಡ ಖರ್ಚಾಗಿದ್ದರೆ ಆಮ್ಲದ ಸಾರತೆ 16ನ್ನು 0.1ರಿಂದ ಗುಣಿಸಿ 20ರಿಂದ ಭಾಗಿಸಿದಷ್ಟು, ಎಂದರೆ 0.08 ಮೋಲಾರ್. ಕಣ್ಣಿಗೆ ಕಾಣದ ಒಂದು ಪ್ರಮಾಣವನ್ನು ಒಂದು ಹನಿಯ ಬಣ್ಣ ಹೇಳಿಬಿಡುತ್ತದೆ. ಅವಸರದಲ್ಲಿ ಬ್ಯುರೆಟ್ಟಿನ ತಿರುಪನ್ನು ಹೆಚ್ಚು ತೆರೆದವರಿಗೆ ಮಾತ್ರ ಅದು ಗುಲಾಬಿಯ ಬದಲು ಕಡುಗೆಂಪನ್ನು ತೋರಿಸಿ, ಪುನಃ ಮೊದಲಿನಿಂದ ಆರಂಭಿಸೆಂದು ಸೂಚಿಸುತ್ತದೆ.

ಅದೇ ವರ್ಷ ಫೀನಾಲ್ ಬದಲು ರಿಸಾರ್ಸಿನಾಲ್ ಬಳಸಿ ಬೇಯರ್ ಇನ್ನೊಂದು ವಸ್ತುವನ್ನು ಪಡೆದನು. ಅದು ಫ್ಲೂರೊಸೀನ್. ಕ್ಷಾರದಲ್ಲಿ ಕರಗಿದ ಈ ವಸ್ತು ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಎಷ್ಟು ನೀರು ಬೆರೆಸಿದರೂ ಆ ಹೊಳಪು ಬೇಗನೆ ಅಳಿಯದು. 1877ರಲ್ಲಿ ಇದರಿಂದ ಒಂದು ವಿಚಿತ್ರವಾದ ವ್ಯಾಜ್ಯ ತೀರ್ಮಾನಕ್ಕೆ ಬಂದಿತು. ದಕ್ಷಿಣ ಜರ್ಮನಿಯ ಇಮ್ಮೆಂಡಿಂಗೆನ್ ಎಂಬಲ್ಲಿ ಡಾನ್ಯೂಬ್ ನದಿಯ ನೀರು ಬೇಸಗೆಯಲ್ಲಿ ನೆಲದ ಬಿರುಕುಗಳೊಳಗೆ ಇಳಿದು ಕಣ್ಮರೆಯಾಗುತ್ತಿತ್ತು. ಅದೇ ನೀರು ಸುಮಾರು 12 ಕಿಲೋಮೀಟರ್ ದೂರದ ಆಖ್ ಬುಗ್ಗೆಯಲ್ಲಿ ಮೇಲೇಳುತ್ತದೆಯೆ ಎಂಬುದು ಪ್ರಶ್ನೆ. ಭೂವಿಜ್ಞಾನಿ ಕ್ನೋಪ್ ಎಂಬವನು 10 ಕಿಲೋಗ್ರಾಂ ಫ್ಲೂರೊಸೀನ್ ಲವಣವನ್ನು ನೀರು ಇಂಗುವ ಜಾಗದಲ್ಲಿ ಸುರಿಸಿದನು. ಸುಮಾರು 60 ಗಂಟೆಗಳ ಬಳಿಕ ಆಖ್ ಬುಗ್ಗೆ ಹಸಿರಾಗಿ ಹೊಳೆಯತೊಡಗಿತು. ಕಪ್ಪುಸಮುದ್ರಕ್ಕೆ ಹೋಗಬೇಕಾದ ನೀರಿನ ಒಂದು ಪಾಲು ನೆಲದಡಿಯಲ್ಲಿ ಹಾಯ್ದು ರೈನ್ ನದಿಯನ್ನು ಸೇರುತ್ತಿದೆಯೆಂದು ಹೀಗೆ ಸಿದ್ಧವಾಯಿತು. ಸಾರತೆ ಎಷ್ಟು ಕಡಿಮೆಯಾದರೂ ಗುರುತಿಸಬಲ್ಲ ವಸ್ತು ಎಷ್ಟು ದೊಡ್ಡ ಕೆಲಸಕ್ಕೆ ಒದಗೀತು ಎಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಗಲಾರದು.

1872ರಲ್ಲಿ ಬೇಯರ್ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕನಾದನು. ಮೂರು ವರ್ಷಗಳ ಬಳಿಕ, ಲೀಬಿಗ್ ತೀರಿಕೊಂಡು ತೆರವಾಗಿದ್ದ ಮ್ಯೂನಿಕ್ ವಿಶ್ವವಿದ್ಯಾನಿಲಯದ ಪೀಠಕ್ಕೆ ಕರೆ ಬಂದಿತು. ನಲವತ್ತು ವರ್ಷ ಅವನು ಆ ಊರನ್ನು ಬಿಡಲಿಲ್ಲ. ಎಮಿಲ್ ಫಿಷರ್, ಎಡ್ವರ್ಡ್ ಬುಖ್ನರ್, ರಿಚರ್ಡ್ ವಿಲ್‌ಸ್ಟಾಟರ್—ಮುಂದೆ ನೊಬೆಲ್ ಪಾರಿತೋಷಕ ಪಡೆದ ಈ ಮೂವರೂ ಅವನ ಗರಡಿಯಲ್ಲಿ ಪಳಗಿದವರು. ಗುರುವಿನ ಆಯುಧಗಳು ಮಾತ್ರ ಪ್ರನಾಳ ಮತ್ತು ಗಾಜಿನ ಕಡ್ಡಿ, ಇವೆರಡೇ. ದೊಡ್ಡ ಉಪಕರಣಗಳೆಂದರೆ ಅವನಿಗೆ ಸೇರದು. ದ್ರಾವಣವನ್ನು ಗಂಟೆಗಟ್ಟಲೆ ಕಲಕುವ ಯಂತ್ರವೊಂದನ್ನು ಸಹಾಯಕರು ಅಂಜುತ್ತಲೇ ತಂದು ಹೂಡಿದರಂತೆ. ಬೇಯರ್ ಸ್ವಲ್ಪ ಹೊತ್ತು ಗುಮಾನಿಯಿಂದ ನೋಡಿ, ಬಳಿಕ ಮೆಚ್ಚಿ, ಹೆಂಡತಿಯನ್ನು ಕರೆಸಿ ತೋರಿಸಿದನಂತೆ. ಆಕೆ ಅದನ್ನು ನಿಟ್ಟಿಸಿ, ಮೊಟ್ಟೆ ಮತ್ತು ಎಣ್ಣೆಯನ್ನು ಕಡೆದು ಮೇಯೊನೇಸ್ ಮಾಡಲು ಇದು ಚೆನ್ನಾಗಿ ಒದಗೀತೆಂದು ಹೇಳಿದಳಂತೆ. ಶಿಷ್ಯರು ಈ ಪ್ರಸಂಗವನ್ನು ಬಹುಕಾಲ ನೆನೆದು ನಗುತ್ತಿದ್ದರು.

ನೀಲಿಯ ಕೆಲಸ ಮುಗಿದದ್ದು ಮ್ಯೂನಿಕ್‌ನಲ್ಲಿ. ಐಸಾಟಿನ್‌ನಿಂದ ನೀಲಿಗೆ ಮರಳುವ ದಾರಿ 1870ರಲ್ಲಿಯೇ ದೊರೆತಿತ್ತು. 1880ರಲ್ಲಿ ಅವನು ದಾಲ್ಚಿನ್ನಿಯ ಎಣ್ಣೆಗೆ ಸಂಬಂಧಿಸಿದ ಸಿನಮಿಕ್ ಆಮ್ಲದಿಂದ ಆರಂಭಿಸಿ ನೀಲಿಯನ್ನು ತಯಾರಿಸಿದನು. ಎರಡು ವರ್ಷಗಳ ತರುವಾಯ ಇನ್ನೂ ಸುಲಭವಾದ ಒಂದು ದಾರಿಯನ್ನು ಕಂಡನು. 1883ರಲ್ಲಿ, ಹದಿನೆಂಟು ವರ್ಷಗಳ ದುಡಿಮೆಯ ಕೊನೆಯಲ್ಲಿ, ಆ ಅಣುವಿನ 16 ಇಂಗಾಲ, 10 ಜಲಜನಕ, 2 ಸಾರಜನಕ ಮತ್ತು 2 ಆಮ್ಲಜನಕ ಪರಮಾಣುಗಳಲ್ಲಿ ಪ್ರತಿಯೊಂದರ ಸ್ಥಾನವೂ ಪ್ರಯೋಗದಿಂದ ಸಿದ್ಧವಾಗಿದೆಯೆಂದು ಸಾರಿದನು. ಅವನು ಬರೆದ ಚಿತ್ರದಲ್ಲಿ ಒಂದು ತಪ್ಪು ಉಳಿದಿತ್ತು. ಅಣುವಿನ ಎರಡು ಅರ್ಧಗಳನ್ನು ಅವನು ಒಂದೇ ಮಗ್ಗುಲಿಗೆ ತಿರುಗಿಸಿ ಬರೆದಿದ್ದನು. ಅವು ವಿರುದ್ಧ ಮಗ್ಗುಲಿಗೆ ತಿರುಗಿವೆಯೆಂದು 1928ರಲ್ಲಿ ಎಕ್ಸ್-ಕಿರಣಗಳು ತೋರಿಸಿದವು. ಪ್ರನಾಳ ಮತ್ತು ಗಾಜಿನ ಕಡ್ಡಿಯಿಂದ ಅಷ್ಟು ದೂರ ಹೋದವನಿಗೆ ಇದು ದೊಡ್ಡ ತಪ್ಪೇನೂ ಅಲ್ಲ.

ಜರ್ಮನಿಯ ಎರಡು ಬಣ್ಣದ ಕಾರ್ಖಾನೆಗಳು ಅವನ ವಿಧಾನದ ಹಕ್ಕುಗಳನ್ನು ಪಡೆದುಕೊಂಡವು. ಆದರೆ ಹಾಗೆ ತಯಾರಿಸಿದ ನೀಲಿಯ ಬೆಲೆ ಗಿಡದ ನೀಲಿಗಿಂತ ಹೆಚ್ಚಾಯಿತು. ಕಾರ್ಖಾನೆಗಳೊಡನೆ ವ್ಯವಹಾರ ಬೇಸರ ತಂದು, ರಚನೆ ತಿಳಿದ ಬಳಿಕ ಬೇಯರ್ ನೀಲಿಯನ್ನು ಕೈಬಿಟ್ಟನು. ಅಗ್ಗದ ನೀಲಿಯ ಹುಡುಕಾಟ ಇತರರ ಪಾಲಿಗೆ ಉಳಿಯಿತು. ಆಸ್ಪಿರಿನ್ ಮಾತ್ರೆಯಿಂದ ಹೆಸರಾದ ಬೇಯರ್ ಕಂಪನಿಗೂ ಈತನಿಗೂ ಸಂಬಂಧ ಕಲ್ಪಿಸುವವರುಂಟು. ಅದರ ಸ್ಥಾಪಕನು ಬೇರೆಯವನು.

ಅವನ ಮನಸ್ಸು ಈಗ ಹರಿದದ್ದು ಹಳೆಯ ಗುರುವಿನ ಒಂದು ಸಮಸ್ಯೆಯ ಕಡೆಗೆ. ಬೆಂಜೀನ್ ಅಣುವಿನಲ್ಲಿ 6 ಇಂಗಾಲ, 6 ಜಲಜನಕ ಪರಮಾಣುಗಳಿವೆಯಷ್ಟೆ. ಅವು ಒಂದು ಉಂಗುರವಾಗಿ, ಒಂದು ಬಿಟ್ಟೊಂದು ದ್ವಿಬಂಧಗಳಿಂದ ಕೂಡಿವೆಯೆಂದು ಕೆಕುಲೆ 1865ರಲ್ಲಿ ಹೇಳಿದ್ದನು. ಹಾಗಾದರೆ ಬೆಂಜೀನ್ ಅಪರ್ಯಾಪ್ತ ಸಂಯುಕ್ತವಾಗಬೇಕು. ಇಂಗಾಲದ ನಾಲ್ಕು ಕೈಗಳೂ ಬೇರೆ ಬೇರೆ ಪರಮಾಣುಗಳನ್ನು ಹಿಡಿದಿದ್ದರೆ ಆ ಸಂಯುಕ್ತ ಪರ್ಯಾಪ್ತ. ಎರಡು ಇಂಗಾಲಗಳು ತಮ್ಮತಮ್ಮಲ್ಲಿಯೇ ಎರಡು ಅಥವಾ ಮೂರು ಕೈ ಹಿಡಿದಿದ್ದರೆ ಅಪರ್ಯಾಪ್ತ. ಅಪರ್ಯಾಪ್ತ ಸಂಯುಕ್ತಗಳು ಹೊಸ ಪರಮಾಣುಗಳನ್ನು ಕೂಡಿಸಿಕೊಳ್ಳಲು ಸದಾ ಸಿದ್ಧ. ಎಥಿಲೀನ್ ಅನಿಲವನ್ನು ಬ್ರೋಮಿನ್ ನೀರಿನೊಳಗೆ ಹಾಯಿಸಿದರೆ ಅದರ ಕಂದುಗೆಂಪು ಬಣ್ಣ ಹೋಗುವುದು ಇದರಿಂದಲೇ. ಕಡಲೆಕಾಯಿ ಎಣ್ಣೆಯ ದ್ವಿಬಂಧಗಳಿಗೆ ಜಲಜನಕವನ್ನು ಕೂಡಿಸಿಯೇ ಗಟ್ಟಿಯಾದ ವನಸ್ಪತಿಯನ್ನು ಮಾಡುವುದು. ಬೆಂಜೀನ್ ಮಾತ್ರ ಹೀಗೆ ವರ್ತಿಸುವುದಿಲ್ಲ.

ಇದನ್ನು ಪರೀಕ್ಷಿಸಲು ಬೇಯರ್ ಆರಿಸಿಕೊಂಡದ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಲವಣವನ್ನು. ಹಳ್ಳಿಗಳಲ್ಲಿ ಬಾವಿಯ ನೀರನ್ನು ಶುದ್ಧಗೊಳಿಸಲು ಹಾಕುತ್ತಿದ್ದ ಕಡುನೇರಳೆಯ ಹರಳುಗಳು ಅವೇ. ನೀರಿನಲ್ಲಿ ಅದರ ತೆಳುವಾದ ದ್ರಾವಣ ಮಾಡಿ, ಸ್ವಲ್ಪ ಸೋಡಿಯಂ ಕಾರ್ಬೊನೇಟ್ ಬೆರೆಸಿ ಕ್ಷಾರೀಯವಾಗಿಸಿ, ತಣ್ಣಗಿರುವಾಗಲೇ ಪರೀಕ್ಷೆಯ ವಸ್ತುವಿಗೆ ಹನಿಹನಿಯಾಗಿ ಹಾಕುವುದು ಅವನ ಕ್ರಮ. ವಸ್ತು ಅಪರ್ಯಾಪ್ತವಾಗಿದ್ದರೆ ಪರ್ಮಾಂಗನೇಟಿನ ಆಮ್ಲಜನಕ ದ್ವಿಬಂಧವನ್ನು ಸೇರುತ್ತದೆ. ನೇರಳೆ ಬಣ್ಣ ಮಾಯವಾಗಿ ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಒತ್ತರ ಕೆಳಗಿಳಿಯುತ್ತದೆ. ಪರ್ಯಾಪ್ತವಾಗಿದ್ದರೆ ನೇರಳೆ ನೇರಳೆಯಾಗಿಯೇ ನಿಲ್ಲುತ್ತದೆ. ಇದೇ ಪಠ್ಯಗಳಲ್ಲಿ ಬೇಯರನ ಪರೀಕ್ಷೆ ಎನಿಸಿಕೊಂಡದ್ದು.

ಇಲ್ಲಿ ಸಾರತೆಯೇ ಮುಖ್ಯ. ದ್ರಾವಣ ನೂರಕ್ಕೆ ಒಂದೆರಡು ಭಾಗದಷ್ಟು ತೆಳುವಾಗಿದ್ದು ತಣ್ಣಗಿದ್ದರೆ ದ್ವಿಬಂಧದ ಒಂದು ಕೈ ಮಾತ್ರ ಬಿಡುತ್ತದೆ. ಇಂಗಾಲದ ಸರಪಳಿ ಉಳಿಯುತ್ತದೆ. ಸಾರಯುಕ್ತ ದ್ರಾವಣವನ್ನು ಬಿಸಿಮಾಡಿ ಬಳಸಿದರೆ ಸರಪಳಿಯೇ ತುಂಡಾಗುತ್ತದೆ. ದ್ವಿಬಂಧವಿಲ್ಲದ ಕೆಲವು ವಸ್ತುಗಳೂ ಬಣ್ಣವನ್ನು ಕಳೆದು ಮೋಸಗೊಳಿಸುತ್ತವೆ. ತೆಳು ದ್ರಾವಣದಲ್ಲಿಯೂ ಆಲ್ಡಿಹೈಡ್‌ಗಳಂತಹ ಸುಲಭವಾಗಿ ಉತ್ಕರ್ಷಣ ಹೊಂದುವ ವಸ್ತುಗಳು ಬಣ್ಣ ತೆಗೆಯುವುದುಂಟು. ಆದುದರಿಂದ ಎಚ್ಚರವುಳ್ಳವರು ಬ್ರೋಮಿನ್ ಪರೀಕ್ಷೆಯನ್ನೂ ಮಾಡಿ, ಎರಡರ ಸಾಕ್ಷ್ಯವನ್ನೂ ಕೇಳಿ ನಿರ್ಣಯಕ್ಕೆ ಬರುತ್ತಾರೆ.

ಬೇಯರ್ ಮಾಡಿದ ಪ್ರಯೋಗ ಹೀಗಿತ್ತು. ಬೆಂಜೀನ್ ಉಂಗುರಕ್ಕೆ ಎರಡು ಆಮ್ಲ ಗುಂಪುಗಳು ಅಂಟಿರುವ ಟೆರೆಥ್ಯಾಲಿಕ್ ಆಮ್ಲವನ್ನು ಅವನು ತೆಗೆದುಕೊಂಡನು. ಸೋಡಿಯಂ ಕರಗಿಸಿದ ಪಾದರಸದ ಸಹಾಯದಿಂದ ಅದರ ಉಂಗುರಕ್ಕೆ ಜಲಜನಕವನ್ನು ಎರಡೆರಡು ಪರಮಾಣುಗಳಾಗಿ ಕೂಡಿಸುತ್ತ ಹೋಗಿ, ಪ್ರತಿ ಹಂತದಲ್ಲಿಯೂ ಪರ್ಮಾಂಗನೇಟಿನ ಹನಿ ಬಿಟ್ಟು ನೋಡಿದನು. ಜಲಜನಕ ಕೂಡಿಸದ ಮೂಲ ಆಮ್ಲದಲ್ಲಿ ನೇರಳೆ ಕದಲಲಿಲ್ಲ. ಎರಡು ಪರಮಾಣು ಜಲಜನಕ ಸೇರಿದೊಡನೆ ಬಣ್ಣ ತಕ್ಷಣ ಹಾರಿಹೋಯಿತು! ನಾಲ್ಕು ಸೇರಿದಾಗಲೂ ಹೋಯಿತು. ಆರು ಸೇರಿ ಉಂಗುರ ಪೂರ್ಣವಾಗಿ ಪರ್ಯಾಪ್ತವಾದಾಗ ನೇರಳೆ ಮತ್ತೆ ನಿಂತಿತು. ಇದರ ಅರ್ಥವೇನು? ಆರು ಇಂಗಾಲಗಳ ಹೆಚ್ಚಿನ ಬಂಧಗಳು ಒಟ್ಟಾಗಿರುವವರೆಗೆ ಒಂದು ಬಗೆಯ ಭದ್ರತೆ ಇದೆ. ಒಂದು ಕಡೆ ಅದು ಮುರಿದರೆ ಉಳಿದವು ಸಾಮಾನ್ಯ ದ್ವಿಬಂಧಗಳಂತೆ ವರ್ತಿಸುತ್ತವೆ. 1880ರ ದಶಕದ ಕೊನೆಯಲ್ಲಿ ನಡೆದ ಈ ಕೆಲಸದಿಂದ ಅವನು ಗುರುವಿನ ಚಿತ್ರದಿಂದ ದೂರ ಸರಿದು, ಆರು ಬಂಧಗಳು ಉಂಗುರದ ಕೇಂದ್ರದ ಕಡೆಗೆ ಮುಖಮಾಡಿವೆಯೆಂಬ ಬೇರೊಂದು ಚಿತ್ರವನ್ನು ಮುಂದಿಟ್ಟನು. ಆದರೂ 1890ರಲ್ಲಿ ಬರ್ಲಿನ್ನಿನಲ್ಲಿ ಕೆಕುಲೆಯ ಬೆಂಜೀನ್ ಸಿದ್ಧಾಂತಕ್ಕೆ ಇಪ್ಪತ್ತೈದು ವರ್ಷ ತುಂಬಿದ ಉತ್ಸವ ನಡೆದಾಗ ಗುರುವನ್ನು ಗೌರವಿಸಿ ಮಾತನಾಡಿದವರಲ್ಲಿ ಬೇಯರನೂ ಒಬ್ಬನು. ಬೆಂಜೀನಿನ ಭದ್ರತೆಯ ನಿಜವಾದ ಕಾರಣ ತಿಳಿದದ್ದು ಇಬ್ಬರೂ ತೀರಿಹೋದ ಮೇಲೆ, 1930ರ ದಶಕದಲ್ಲಿ. ಪೂರ್ಣವಾಗಿ ಸರಿಯಾದದ್ದು ಗುರುವಿನ ಚಿತ್ರವೂ ಅಲ್ಲ, ಶಿಷ್ಯನ ಚಿತ್ರವೂ ಅಲ್ಲ. ಹನಿಯ ಸಾಕ್ಷ್ಯವೊಂದು ಮಾತ್ರ ಹಾಗೆಯೇ ಉಳಿಯಿತು.

ಮನ್ನಣೆಗಳಿಗೆ ಕೊರತೆಯಾಗಲಿಲ್ಲ. 1881ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡೇವಿ ಪದಕವನ್ನು ನೀಡಿತು. ಐವತ್ತನೆಯ ಹುಟ್ಟುಹಬ್ಬದಂದು ಬವೇರಿಯದ ಅರಸನು ಕುಲೀನ ಪದವಿಯನ್ನು ದಯಪಾಲಿಸಿದನು; ಹೆಸರಿನ ನಡುವಣ ಫಾನ್ ಬಂದದ್ದು ಅಂದಿನಿಂದ. 1905ರಲ್ಲಿ ಬಣ್ಣಗಳ ಮತ್ತು ಜಲಜನಕ ಕೂಡಿಸಿದ ಬೆಂಜೀನ್ ಸಂಯುಕ್ತಗಳ ಶೋಧಕ್ಕಾಗಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಅಷ್ಟರಲ್ಲಿ ನೀಲಿಯ ಕಥೆ ಅವನ ಕೈಮೀರಿ ಬೆಳೆದಿತ್ತು. 1890ರಲ್ಲಿ ಜೂರಿಕ್‌ನ ಹೊಯ್‌ಮನ್ ಹೊಸ ದಾರಿಗಳನ್ನು ಕಂಡುಹಿಡಿದನು. ಅವುಗಳಲ್ಲಿ ಒಂದಕ್ಕೆ ಡಾಂಬರಿನಿಂದ ಅಗ್ಗವಾಗಿ ಸಿಗುವ ನ್ಯಾಫ್ತಲೀನ್, ಎಂದರೆ ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ವಸ್ತು, ಸಾಕಾಗಿತ್ತು. ನ್ಯಾಫ್ತಲೀನನ್ನು ಗಂಧಕಾಮ್ಲದಲ್ಲಿ ಕಾಯಿಸುತ್ತಿದ್ದಾಗ ಉಷ್ಣಮಾಪಕವೊಂದು ಒಡೆದು ಪಾದರಸ ಚೆಲ್ಲಿತೆಂದೂ, ಅದರಿಂದ ಕ್ರಿಯೆ ಬಹಳ ಚುರುಕಾಯಿತೆಂದೂ ಒಂದು ಪ್ರಸಿದ್ಧ ಕಥೆಯಿದೆ. ಸುಮಾರು 1 ಕೋಟಿ 80 ಲಕ್ಷ ಮಾರ್ಕ್ ವೆಚ್ಚಮಾಡಿದ ಬಳಿಕ, 1897ರಲ್ಲಿ, ಬಾಡಿಷ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಇಳಿಸಿತು. ಆ ವರ್ಷ ಗಿಡದಿಂದ ತೆಗೆದ ನೀಲಿ ಸುಮಾರು 19,000 ಟನ್ನು. ಅದರಲ್ಲಿ ಬಹುಪಾಲು ಭಾರತದ್ದು. 1914ರ ಹೊತ್ತಿಗೆ ಅದು ಸುಮಾರು 1,000 ಟನ್ನಿಗೆ ಇಳಿದಿತ್ತು.

ನೀಲಿಯ ಬೆಲೆ ಬಿದ್ದರೆ ನೀಲಿಯ ಹಿಡಿತದಲ್ಲಿ ನರಳುತ್ತಿದ್ದ ರೈತನಿಗೆ ಬಿಡುಗಡೆಯಾಗಬೇಕಾಗಿತ್ತು. ಬಿಹಾರದ ಚಂಪಾರಣದಲ್ಲಿ ಹಾಗಾಗಲಿಲ್ಲ. ಅಲ್ಲಿನ ರೈತರು ಪ್ರತಿ ಬಿಘಾದ ಇಪ್ಪತ್ತು ಕಠ್ಠಾ ನೆಲದಲ್ಲಿ ಮೂರು ಕಠ್ಠಾವನ್ನು ತೋಟಗಾರನಿಗಾಗಿ ನೀಲಿಗೆ ಮೀಸಲಿಡಬೇಕಾಗಿತ್ತು. ಇದನ್ನು ತೀನ್‌ಕಠಿಯಾ ಎನ್ನುತ್ತಿದ್ದರು. ನೀಲಿಯಿಂದ ಲಾಭವಿಲ್ಲವೆಂದು ಕಂಡಾಗ ತೋಟಗಾರರು ಆ ಕಟ್ಟಿನಿಂದ ಬಿಡಿಸುವುದಕ್ಕೂ ಬೆಲೆ ಕಟ್ಟಿದರು. ಕೆಲವರಿಂದ ಗೇಣಿಯನ್ನು ಏರಿಸಿ ಬರೆಸಿಕೊಂಡರು. ಕೆಲವರಿಂದ ಒಟ್ಟು ಹಣವನ್ನು ಕಿತ್ತುಕೊಂಡರು. ಮ್ಯೂನಿಕ್‌ನ ಪ್ರನಾಳದಲ್ಲಿ ಮೂಡಿದ ನೀಲಿ ತೋಟಗಾರನಿಗೆ ತಂದ ನಷ್ಟವನ್ನು ಹೀಗೆ ಚಂಪಾರಣದ ರೈತನು ತೆತ್ತನು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನಿಯ ಬಣ್ಣ ಬರುವುದು ನಿಂತಾಗ ಗಿಡದ ನೀಲಿಗೆ ಮತ್ತೆ ಬೆಲೆ ಬಂದು, ಹಳೆಯ ಬಲವಂತ ಪುನಃ ತಲೆಯೆತ್ತಿತು. ರೈತ ರಾಜಕುಮಾರ ಶುಕ್ಲರ ಒತ್ತಾಯಕ್ಕೆ ಮಣಿದು 1917ರ ಏಪ್ರಿಲ್ ತಿಂಗಳಲ್ಲಿ ಗಾಂಧೀಜಿಯವರು ಚಂಪಾರಣಕ್ಕೆ ಬಂದರು. ಜಿಲ್ಲೆಯನ್ನು ಬಿಟ್ಟು ಹೋಗೆಂಬ ಸರಕಾರದ ಆಜ್ಞೆಯನ್ನು ಮೀರಿ ನಿಂತು, ಸಾವಿರಾರು ರೈತರ ಹೇಳಿಕೆಗಳನ್ನು ಬರೆಸಿಕೊಂಡರು. ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಿ, ಗಾಂಧೀಜಿಯವರನ್ನೂ ಅದರ ಸದಸ್ಯರನ್ನಾಗಿ ಮಾಡಬೇಕಾಯಿತು.

ಬೇಯರ್ 1915ರಲ್ಲಿ, ಎಂಬತ್ತರ ಅಂಚಿನಲ್ಲಿ, ಪ್ರಾಧ್ಯಾಪಕ ಪದವಿಯಿಂದ ನಿವೃತ್ತನಾಗಿದ್ದನು. ಮ್ಯೂನಿಕ್‌ಗೆ ಸಮೀಪದ ಸ್ಟಾರ್ನ್‌ಬರ್ಗ್ ಸರೋವರದ ತೀರದ ಮನೆಯಲ್ಲಿ 1917ರ ಆಗಸ್ಟ್ 20ರಂದು ತೀರಿಕೊಂಡನು. ಚಂಪಾರಣದ ವಿಚಾರಣಾ ಸಮಿತಿಯ ಕೆಲಸ ಅಂದಿಗೆ ಇನ್ನೂ ಮುಗಿದಿರಲಿಲ್ಲ. ಅದರ ವರದಿ ಬಂದದ್ದು ಅಕ್ಟೋಬರ್ ತಿಂಗಳಲ್ಲಿ. ತೀನ್‌ಕಠಿಯಾ ಪದ್ಧತಿ ಕಾಯಿದೆಯಿಂದ ರದ್ದಾದದ್ದು 1918ರಲ್ಲಿ.